ಹದ್ದಿಲ್ಲದ, ಅಣೆಕಟ್ಟೆಯಿಲ್ಲದ ಬೆಟ್ಟಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಬೆಟ್ಟದವರೇ,

ವಿಷಯ: ತಾವು ಜಾಗ ಖಾಲಿ ಮಾಡುವ ಬಗ್ಗೆ.

ತಾವು ಸುಮಾರು 250 ಕೋಟಿ ವರ್ಷಗಳಿಂದ ಒಂದೇ ಕಡೆ ಕೂತಿದ್ದೀರಿ. ಇಷ್ಟು ಕಾಲದಲ್ಲಿ ಒಂದು ಪಹಣಿಯಿಲ್ಲ, ಖಾತೆಯಿಲ್ಲ, ಕಂದಾಯ ಕಟ್ಟಿದ ರಸೀದಿಯಿಲ್ಲ. ಕದಲದೆಯೇ ಮೂರು ವಿಳಾಸ ಕಂಡಿರಿ: ಬ್ರಿಟಿಷರ ಕಾಲದ ಕ್ಲೋಸ್‌ಪೇಟೆ, ಆಮೇಲೆ ರಾಮನಗರ, 2025ರಿಂದ ಬೆಂಗಳೂರು ದಕ್ಷಿಣ ಜಿಲ್ಲೆ. ವಿಳಾಸವೇ ಬೆಂಗಳೂರಿಗೆ ಹೋದ ಮೇಲೆ ತಾವೊಬ್ಬರು ಹಿಂದೆ ಉಳಿಯುವುದು ಚೆನ್ನಾಗಿರುವುದಿಲ್ಲ. ಟಿಪ್ಪರ್ ಕಳಿಸುತ್ತಿದ್ದೇವೆ, ದಯಮಾಡಿ ಹತ್ತಬೇಕು.

ಅಳುಕಬೇಡಿ, ಎಲ್ಲ ವ್ಯವಸ್ಥೆ ಆಗಿದೆ. ಮೊದಲು ಮೈಮೇಲಿನ ಮಣ್ಣು, ಲಂಟಾನ ಕೆರೆದು ಹಾಕುತ್ತಾರೆ. ಆಮೇಲೆ ಕಂಪ್ರೆಸರ್ ಬಂದು ಸಾಲಾಗಿ ಕುಳಿ ಹೊಡೆಯುತ್ತದೆ. ಕುಳಿಯೊಳಗೆ ಜಿಲೆಟಿನ್ ಕಡ್ಡಿ, ಅಮೋನಿಯಂ ನೈಟ್ರೇಟಿನ ಮದ್ದು. ಬಾಯಿಗೆ ಕಲ್ಲುಪುಡಿ ಜಡಿದು ಮುಚ್ಚುವುದು. ಸರಿಯಾಗಿ ಜಡಿಯದಿದ್ದರೆ ಮದ್ದಿನ ಕಸುವೆಲ್ಲ ಆಕಾಶಕ್ಕೆ ಹೋಗಿ, ನಿಮಗೆ ಹೆಚ್ಚೇನೂ ಆಗದೆ ಊರಿನ ಹೆಂಚಿನ ಮೇಲೆ ಕಲ್ಲು ಬೀಳುತ್ತದೆ. ಕುಳಿಗಳು ಒಟ್ಟಿಗೇ ಸಿಡಿಯಬಾರದು. ಮಿಲಿಸೆಕೆಂಡುಗಳ ಅಂತರದಲ್ಲಿ ಒಂದಾದ ಮೇಲೊಂದು ಸಿಡಿಯಬೇಕು. ಆಗ ನೆಲ ಕಡಿಮೆ ನಡುಗುತ್ತದೆ, ಬಂಡೆಯೂ ಹದವಾಗಿ ಒಡೆಯುತ್ತದೆ. ಪುಸ್ತಕದಲ್ಲಿ ಹಾಗಿದೆ. ಸೈರನ್ ಆದ ಮೇಲೆ ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತುವವರು ಬೇರೆ ಏನೋ ಹೇಳುತ್ತಾರೆ. ಅವರು ಪುಸ್ತಕ ಓದಿದವರಲ್ಲ, ಬಿಡಿ.

ದಪ್ಪ ಬಂಡೆಗಳನ್ನು ಬ್ರೇಕರ್ ಕುಟ್ಟಿ ಇಳಿಸಿದ ಮೇಲೆ ಹಾಪರ್, ಅಲ್ಲಿಂದ ಜಾ ಕ್ರಷರ್. ಮ್ಯಾಂಗನೀಸ್ ಉಕ್ಕಿನ ಎರಡು ದವಡೆ. ಒಂದು ನಿಂತಲ್ಲೇ ನಿಂತಿರುತ್ತದೆ, ಇನ್ನೊಂದು ಹಿಂದೆ ಮುಂದೆ ಆಡುತ್ತದೆ. ಮೇಲೆ ಅಗಲ, ಕೆಳಗೆ ಕಿರಿದು. ಒಡೆದಷ್ಟೂ ಜಾರುತ್ತೀರಿ, ಜಾರಿದಷ್ಟೂ ಒಡೆಯುತ್ತೀರಿ. ಅಲ್ಲಿಂದ ಬೆಲ್ಟ್ ಹತ್ತಿ ಕೋನ್ ಕ್ರಷರಿಗೆ, ಮತ್ತೆ ಬೆಲ್ಟ್ ಹತ್ತಿ ಅದುರುವ ಜರಡಿಗೆ. ಜರಡಿ 40, 20, 12, 6 ಎಂ.ಎಂ. ಎಂದು ಬೇರೆ ಬೇರೆ ಗುಡ್ಡೆ ಹಾಕುತ್ತದೆ. ಕಣ್ಣು ದಾಟದ ಕಲ್ಲಿಗೆ ಸಪ್ಲಿಮೆಂಟರಿ ಪರೀಕ್ಷೆಯ ಹುಡುಗನ ಪಾಡು: ಮತ್ತೆ ಕೋನಿಗೆ, ಪಾಸಾಗುವ ತನಕ. 4.75 ಎಂ.ಎಂ.ಗಿಂತ ಸಣ್ಣದನ್ನು ಹಿಂದೆ ಡಸ್ಟ್ ಎಂದು ಮೂಲೆಗೆ ಸುರಿಯುತ್ತಿದ್ದರು. ಹೊಳೆಗಳ ಮರಳು ಬಳಿದು ಮುಗಿಸಿದ ಮೇಲೆ ಅದಕ್ಕೂ ಮರ್ಯಾದೆ ಬಂದಿದೆ. ಕಲ್ಲಿಗೆ ಕಲ್ಲು ಅಪ್ಪಳಿಸುವ ಯಂತ್ರದಲ್ಲಿ ಹಾಕಿ, ತೊಳೆದು, ಎಂ-ಸ್ಯಾಂಡ್ ಮಾಡುತ್ತಾರೆ. ನದಿಗೆ ಮಾಡಿದ ಪಾಪದ ಪ್ರಾಯಶ್ಚಿತ್ತವನ್ನು ನಿಮ್ಮ ಕೈಯಲ್ಲಿ ಮಾಡಿಸುತ್ತಿದ್ದೇವೆ.

ಕಾಂಕ್ರೀಟಿನಲ್ಲಿ ಮುಕ್ಕಾಲು ಪಾಲಿನಷ್ಟು ನೀವೇ. ಟಿವಿಯಲ್ಲಿ ಜಾಹೀರಾತು ಮಾತ್ರ ಸಿಮೆಂಟಿಗೆ. ಇದು ಅನ್ಯಾಯ, ಒಪ್ಪುತ್ತೇನೆ.

ಧೂಳಿನ ವಿಚಾರಕ್ಕೂ ಲೆಕ್ಕಾಚಾರವಿದೆ. ಎಂ-ಸ್ಯಾಂಡಿನಲ್ಲಿ 75 ಮೈಕ್ರಾನ್‌ಗಿಂತ ನುಣುಪಾದ ಪುಡಿ ಶೇ 15 ಮೀರಬಾರದೆಂದು ಐ.ಎಸ್. 383 ಎಂಬ ಮಾನಕ ಹೇಳುತ್ತದೆ, ಮೀರಿದರೆ ಕಾಂಕ್ರೀಟಿನ ಆರೋಗ್ಯ ಕೆಡುತ್ತದೆ. ಮನುಷ್ಯರನ್ನೂ ಮರೆತಿಲ್ಲ. ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಧೂಳು ಒಂದು ಘನ ಮೀಟರ್ ಗಾಳಿಗೆ 600 ಮೈಕ್ರೋಗ್ರಾಂ ಮೀರಬಾರದು, ನೀರು ಚಿಮುಕಿಸಬೇಕು, ಜರಡಿಗೆ ಹೊದಿಕೆ ಇರಬೇಕು, ಸುತ್ತ ಗಿಡ ನೆಡಬೇಕು. ಆದರೆ ಎಂ-ಸ್ಯಾಂಡ್ ಕೆಟ್ಟರೆ ಮೇಸ್ತ್ರಿ ಲಾರಿ ಸಮೇತ ವಾಪಸ್ ಕಳಿಸುತ್ತಾನೆ. ಗಾಳಿ ಕೆಟ್ಟರೆ ವಾಪಸ್ ಕಳಿಸುವುದು ಎಲ್ಲಿಗೆ? ನಿಮ್ಮ ಹೊಟ್ಟೆಯೊಳಗಿನ ಸಿಲಿಕಾ ಬೆಲ್ಟಿನ ಬಳಿ ನಿಂತವನ ಶ್ವಾಸಕೋಶಕ್ಕೆ ಇಳಿದರೆ ಮತ್ತೆ ಹೊರಗೆ ಬರುವುದಿಲ್ಲ. ಕ್ರಷರ್ ಪಕ್ಕದ ಹಿಪ್ಪುನೇರಳೆ ತೋಟದಲ್ಲಿ ಒಂದು ಎಲೆ ಕಿತ್ತು ಹೆಬ್ಬೆರಳಿನಿಂದ ಉಜ್ಜಿ ನೋಡಿ, ಬೂದಿ ಬಣ್ಣದ ಅಡಿಯಿಂದ ಹಸಿರು ಏಳುತ್ತದೆ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ರೇಷ್ಮೆಹುಳು ರಾತ್ರಿ ಹಗಲು ಸೊಪ್ಪು ಮುಕ್ಕುತ್ತದೆ, ಆದರೆ ಅದಕ್ಕೂ ಒಂದು ಶುಚಿಯಿದೆ. ಧೂಳು ಮೆತ್ತಿದ ಸೊಪ್ಪು ಸೇರುವುದಿಲ್ಲ. ಗೂಡು ಹಗುರಾದರೆ ಮಾರುಕಟ್ಟೆಯಲ್ಲಿ ರೇಟು ಬೀಳುವುದು ರೈತನಿಗೆ. ಆ ನಷ್ಟ ಜಲ್ಲಿಯ ಬಿಲ್ಲಿನಲ್ಲಿ ಕಾಣುವುದಿಲ್ಲ. ರಾಜಧನವಿರುವುದು ಟನ್ನಿಗೆ, ಸೊಪ್ಪಿಗಲ್ಲ.

ನನ್ನ ಮಾತಿಗೆ ಬೇಸರಿಸಿ ತಾವು ಕೋರ್ಟಿಗೆ ಹೋಗಬಹುದು. ಹೋಗುವ ಮುನ್ನ ನಿಮ್ಮ ದಾಯಾದಿಗಳ ಕಡೆ ನೋಡಿ. ಲಾಲ್‌ಬಾಗಿನ ಬಂಡೆ ಜಾಣತನದಿಂದ ತಲೆಯ ಮೇಲೆ ಕೆಂಪೇಗೌಡರ ಗೋಪುರ ಇಟ್ಟುಕೊಂಡಿತು, ಸುತ್ತ ತೋಟ ಬೆಳೆಯಲು ಬಿಟ್ಟಿತು; ಈಗ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ರಾಮದೇವರ ಬೆಟ್ಟ ರಣಹದ್ದುಗಳಿಗೆ ಗೂಡು ಕೊಟ್ಟಿತು, 2012ರಲ್ಲಿ ವನ್ಯಧಾಮವಾಯಿತು. ಮೇಲಾಗಿ ಅದು ಗಬ್ಬರ್‌ ಸಿಂಗನಿಗೂ ಜಾಗ ಕೊಟ್ಟದ್ದು. ಪಾಂಡವಪುರದ ಬೇಬಿ ಬೆಟ್ಟದ ನೆರೆಯಲ್ಲಿ ಕನ್ನಂಬಾಡಿ ಕಟ್ಟೆಯಿದೆ. 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿಲೋಮೀಟರಿನಲ್ಲಿ ಗಣಿಗಾರಿಕೆಯನ್ನೇ ತಡೆಯಿತು. ತಮ್ಮ ಬಳಿ ಏನಿದೆ? ಗೋಪುರವಿಲ್ಲ, ಹದ್ದಿಲ್ಲ, ಅಣೆಕಟ್ಟೆಯಿಲ್ಲ. ಬುಡದಲ್ಲಿ ಒಂದಷ್ಟು ಮನೆ, ಕುರಿ, ಸೊಪ್ಪಿನ ತೋಟ. ಅವುಗಳ ಹೆಸರಿನಲ್ಲಿ ಬೆಟ್ಟ ಉಳಿದದ್ದನ್ನು ನಾನಂತೂ ಹೆಚ್ಚು ಕೇಳಿಲ್ಲ.

ಕಾನೂನು ಇಲ್ಲವೆಂದಲ್ಲ. ಕ್ರಷರ್‌ಗಳ ನಿಯಂತ್ರಣಕ್ಕೆ ರಾಜ್ಯದಲ್ಲಿ 2011ರ ಅಧಿನಿಯಮವಿದೆ, ಅದರಲ್ಲಿ 'ಸುರಕ್ಷಿತ ವಲಯ' ಎಂಬ ಸೊಗಸಾದ ಮಾತಿದೆ. ಅದಾಗಿ ಹತ್ತು ವರ್ಷಕ್ಕೆ, 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ಸಿಡಿದಾಗ ದೂರದ ಊರುಗಳವರೂ ಭೂಕಂಪವೆಂದು ಮಕ್ಕಳನ್ನೆತ್ತಿಕೊಂಡು ಬೀದಿಗೆ ಬಂದರು. ತಿಂಗಳು ಕಳೆಯುತ್ತಲೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು 6 ಜನ ಸತ್ತರು. ಇಲ್ಲಿ ನನಗೆ ತಮಾಷೆ ಹೊಳೆಯುವುದಿಲ್ಲ. ಮುಂದಕ್ಕೆ ಹೋಗುತ್ತೇನೆ.

ತಾವು ಹೋದ ಮೇಲೆ ಆ ಜಾಗ ಏನಾಗುತ್ತದೆಂಬ ಚಿಂತೆ ಬೇಡ. ಆಳವಾದ ಹೊಂಡ ಉಳಿಯುತ್ತದೆ. ಮಳೆಗಾಲದಲ್ಲಿ ನೀರು ನಿಂತು ಹಸಿರಾಗಿ ಚಂದ ಕಾಣುತ್ತದೆ. ಸುತ್ತ ಬೇಲಿ ಹಾಕಬೇಕೆಂದು ಷರತ್ತಿನಲ್ಲಿ ಬರೆದಿರುತ್ತದೆ.

ಆದಷ್ಟು ಬೇಗ ಹೊರಡುವಿರೆಂದು ನಂಬಿರುವ,
ತಮ್ಮ ಹಿತೈಷಿ,
30/40 ಸೈಟಿನಲ್ಲಿ ಮನೆ ಕಟ್ಟಿಸುತ್ತಿರುವವ

ವಿ.ಸೂ.: ಶುಕ್ರವಾರ ಮೋಲ್ಡ್ ಹಾಕಬೇಕು. ಎರಡು ಲೋಡ್ 20 ಎಂ.ಎಂ. ರೂಪದಲ್ಲಿ ಗುರುವಾರ ರಾತ್ರಿಯೊಳಗೆ ಬಂದುಬಿಡಿ. ಚಪ್ಪಟೆ ಕಲ್ಲಾಗಿ ಬರಬೇಡಿ, ಮೇಸ್ತ್ರಿ ಇಳಿಸಿಕೊಳ್ಳುವುದಿಲ್ಲ.