ನಾಳೆ ಬಾ

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ನಮ್ಮೂರಿಗೆ ಒಂದು ದೆವ್ವ ಬರುತ್ತಿತ್ತು. ಕತ್ತಲಾದ ಮೇಲೆ ಮನೆ ಮುಂದೆ ನಿಂತು, ಗುರುತಿನವರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಿತ್ತಂತೆ. ಓಗೊಟ್ಟವನ ಕತೆ ಅಲ್ಲಿಗೆ ಮುಗಿಯಿತು. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಎಷ್ಟೋ ಊರುಗಳು ಈ ದೆವ್ವಕ್ಕೆ ಕಂಡುಕೊಂಡ ಮದ್ದು ಒಂದೇ: ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆಯುವುದು. ದೆವ್ವ ಓದಿಕೊಂಡು ಹೋಗುತ್ತಿತ್ತು. ಮರುದಿನ ಬಂದು ಮತ್ತೆ ಓದಿಕೊಂಡು ಮತ್ತೆ ಹೋಗುತ್ತಿತ್ತು. ಓದು ಬಲ್ಲ, ಆದರೆ ನಿನ್ನೆಯ ನೆನಪಿಲ್ಲದ, ಅಂಥ ಸಜ್ಜನ ದೆವ್ವ ಈಗ ಎಲ್ಲಿ ಸಿಗಬೇಕು?

ದೆವ್ವದ ಸುದ್ದಿ ತಣ್ಣಗಾದ ಮೇಲೂ ಅಪ್ಪ ಆ ಬರಹ ಅಳಿಸಲು ಬಿಡಲಿಲ್ಲ. ಕಿರಾಣಿ ಅಂಗಡಿಯ ಆಳು ಉದ್ರಿ ಬಾಕಿ ಕೇಳಲು ಬಂದರೆ ಅವನೂ ಓದಿಕೊಂಡು ಹೋಗಲಿ ಎಂದು. ಅಪ್ಪನಿಂದ ನನಗೆ ಬಂದ ಸ್ಥಿರಾಸ್ತಿ, ಚರಾಸ್ತಿ ಎರಡೂ ಈ ವಿದ್ಯೆಯೇ. ಅದು ಕೈಕೊಟ್ಟದ್ದು 2024ರಲ್ಲಿ.

ಕತೆ ಶುರುವಾಗುವುದು 2009ರ ದಸರಾದಲ್ಲಿ. ಮೈಸೂರಿನಲ್ಲಿ ಬಾಡಿಗೆ ಮನೆ ಮಾಡಿ ಅಮ್ಮನನ್ನು ಊರಿಂದ ಕರೆತಂದಿದ್ದೆ. ಅವಳ ಧಾರಾವಾಹಿಗೆಂದು ಇಬ್ಬರು ಆಳು ಹೊತ್ತು ತರಬೇಕಾದ 29 ಇಂಚಿನ ಟಿವಿಯೊಂದನ್ನು ಕೊಂಡೆ. ‘ಸೊನ್ನೆ ಬಡ್ಡಿ, ಹನ್ನೆರಡು ಕಂತು’ ಎಂದು ಅಂಗಡಿಯ ಮುಂದೆ ಬ್ಯಾನರ್ ಇತ್ತು. ಒಳಗೆ ಮೇಜು ಹಾಕಿಕೊಂಡು ಕೂತಿದ್ದ ಫೈನಾನ್ಸ್ ಕಂಪನಿಯ ಹುಡುಗ, ಕಂತಿಗೆ 1,450 ರೂಪಾಯಿಯಂತೆ ಮುಂದಿನ ತಾರೀಖು ಹಾಕಿದ ಹನ್ನೆರಡು ಚೆಕ್ಕಿಗೆ ಸಹಿ ಮಾಡಿಸಿಕೊಂಡ. ಹನ್ನೊಂದು ಪಾಸಾದವು. ಹನ್ನೆರಡನೆಯದರ ಹೊತ್ತಿಗೆ ನನ್ನ ಕೆಲಸ ಬದಲಾಗಿ, ಸಂಬಳದ ಖಾತೆ ಬದಲಾಗಿ, ಮನೆಯೂ ಬದಲಾಗಿತ್ತು. ಹಳೆಯ ಖಾತೆಯಲ್ಲಿ ಉಳಿದದ್ದು 212 ರೂಪಾಯಿ. ಆಮೇಲೆ ಎರಡು ಕಾಗದ ಹೊಸ ಮನೆ ಹುಡುಕಿಕೊಂಡು ಬಂದವು. ಲಕೋಟೆ ಒಡೆಯದಿದ್ದರೆ ಬಾಕಿ ಇಲ್ಲ ಎಂಬುದು ಆಗಿನ ನನ್ನ ಅರ್ಥಶಾಸ್ತ್ರ.

ಹದಿನಾಲ್ಕು ವರ್ಷ ಕಳೆದು ಒಂದು ಬೆಳಗ್ಗೆ ಎಂಟು ಗಂಟೆ ಒಂದು ನಿಮಿಷಕ್ಕೆ ಫೋನ್ ಬಂತು. ಎಷ್ಟೋ ದಿನದ ಸ್ನೇಹಿತನ ದನಿಯಲ್ಲಿ ಯಾರೋ ನನ್ನ ಹೆಸರು ಹಿಡಿದು ಕರೆದರು. ಓಗೊಟ್ಟೆ.

“ನಿಮ್ ಟಿವಿ ಲೋನ್ ವಿಚಾರ ಸಾರ್.”

“ಯಾವ ಟಿವಿನಪ್ಪಾ?”

“2009ರದ್ದು ಸಾರ್. ಇಪ್ಪತ್ತೊಂಬತ್ತು ಇಂಚು.”

ಆ ಟಿವಿ 2016ರಲ್ಲೇ ಎಕ್ಸ್‌ಚೇಂಜ್‌ಗೆ ಹೋಗಿತ್ತು. ಅದರ ಬಣ್ಣ, ಸದ್ದು ಯಾವುದೂ ನನಗೆ ನೆನಪಿರಲಿಲ್ಲ. ಅದನ್ನು ಒಮ್ಮೆಯೂ ನೋಡದ ಈ ಹುಡುಗನಿಗೆ ಇಂಚು ಸಮೇತ ನೆನಪಿತ್ತು. ಬಾಕಿ ಎಷ್ಟೆಂದು ಕೇಳಿದೆ. ಕಂತು, ಚೆಕ್ ಬೌನ್ಸ್ ಚಾರ್ಜು, ದಂಡ, ದಂಡದ ಮೇಲಿನ ಬಡ್ಡಿ ಎಲ್ಲ ಸೇರಿ 9,870 ರೂಪಾಯಿ ಎಂದ. ‘ಸೊನ್ನೆ ಬಡ್ಡಿ’ಯ ಸೊನ್ನೆ ಎಲ್ಲಿ ಹೋಯಿತೆಂದು ಆಗ ತಿಳಿಯಿತು. ಅಂಕಿಯ ಬಲತುದಿಗೆ ಬಂದು ಕೂತಿತ್ತು.

ಅಪ್ಪನನ್ನು ನೆನೆದು, “ನಾಳೆ ಮಾಡಪ್ಪ” ಎಂದೆ.

“ಸರಿ ಸಾರ್, ಪಿಟಿಪಿ ಹಾಕ್ಕೋತೀನಿ” ಎಂದ ಅವನು.

ಪಿಟಿಪಿ ಎಂದರೆ ‘ಪ್ರಾಮಿಸ್ ಟು ಪೇ’ ಎಂದು ಆಮೇಲೆ ತಿಳಿಯಿತು. ನಾವು ಸುಮ್ಮನೆ ಸಾಗಹಾಕಲು ಹೇಳಿದ ‘ನಾಳೆ’, ಅವರ ಕಂಪ್ಯೂಟರಿನಲ್ಲಿ ಕೊಟ್ಟ ಮಾತಾಗಿ ಕೂತುಬಿಡುತ್ತದೆ. ನಮ್ಮೂರಿನ ದೆವ್ವಕ್ಕೆ ನಿನ್ನೆ ನೆನಪಿರುತ್ತಿರಲಿಲ್ಲ. ಇವನ ಬಳಿ ನಿನ್ನೆ, ಮೊನ್ನೆ ಎಲ್ಲ ತಾರೀಖು ಸಹಿತ ಇತ್ತು. ಮರುದಿನ ಎಂಟು ಗಂಟೆ ಒಂದು ನಿಮಿಷಕ್ಕೆ ಹಾಜರಾದ.

ಆ ಒಂದು ನಿಮಿಷದ ಗುಟ್ಟೂ ಗೊತ್ತಾಯಿತು. ವಸೂಲಿಯವರು ಬೆಳಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಫೋನ್ ಮಾಡಕೂಡದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸುತ್ತೋಲೆ ಹೊರಡಿಸಿದೆ. ನಮ್ಮ ಹುಡುಗ ಅದಕ್ಕೆ ಒಂದು ನಿಮಿಷ ದಕ್ಷಿಣೆಯನ್ನೂ ಸೇರಿಸಿ ಪಾಲಿಸುತ್ತಿದ್ದ. ತಿಂಗಳೊಪ್ಪತ್ತಿನಲ್ಲಿ ಮನೆಮಂದಿಯೆಲ್ಲ ಅವನಿಗೆ ಹೊಂದಿಕೊಂಡರು. ಫೋನ್ ಬಡಿದುಕೊಂಡರೆ ನನ್ನ ಹೆಂಡತಿ, “ವಸೂಲಿ ಬಂತು, ಜಡೆ ಹಾಕ್ಕೊಳ್ಳೇ” ಎಂದು ಮಗಳನ್ನು ಎಬ್ಬಿಸುತ್ತಿದ್ದಳು. ಎಂಟು ಹತ್ತಕ್ಕೆ ಸ್ಕೂಲ್ ಬಸ್ಸು.

ಮಾತಿನ ನಡುವೆ ಒಮ್ಮೆ, “ಸಿಬಿಲ್ ಸ್ಕೋರ್ ಹಾಳಾಗುತ್ತೆ ಸಾರ್” ಎಂದ. ಎಸ್ಸೆಸ್ಸೆಲ್ಸಿಯ 625ರ ನಂತರ ಅಂಕಪಟ್ಟಿಯ ಕಾಟ ಮುಗಿಯಿತೆಂದುಕೊಂಡಿದ್ದೆ. ಇಲ್ಲಿ 300ರಿಂದ ಶುರುವಾಗಿ 900ಕ್ಕೆ ಮುಗಿಯುವ ಇನ್ನೊಂದು ಪರೀಕ್ಷೆ ನನಗೆ ಗೊತ್ತಿಲ್ಲದಂತೆ ನಡೆಯುತ್ತಲೇ ಇತ್ತು.

ಕೆಳಗಿನ ಮನೆಯಲ್ಲಿ ಕೋರ್ಟಿನಿಂದ ನಿವೃತ್ತರಾದ ಶಿರಸ್ತೇದಾರರಿದ್ದಾರೆ. ಅವರ ಬಳಿ ಹೋಗಿ ತೋಡಿಕೊಂಡೆ.

“1963ರ ಲಿಮಿಟೇಷನ್ ಆಕ್ಟು ಕಣ್ರೀ. ಇಂಥ ಸಾಲಕ್ಕೆ ಮೂರು ವರ್ಷ. 2013ಕ್ಕೇ ವಾಯಿದೆ ಮುಗೀತು. ಅವರು ದಾವಾ ಹಾಕೋ ಹಾಗಿಲ್ಲ.”

“ಹಾಗಾದ್ರೆ ಸಾಲ ಸತ್ತುಹೋಯ್ತಾ ಸಾರ್?”

“ಎಲ್ಲಿ ಸಾಯುತ್ತೆ? ದಾವೆಯ ದಾರಿ ಮುಚ್ಚಿದೆ, ಸಾಲ ಹಾಗೇ ಇದೆ. ಕೊಡ್ತೀನಿ ಅಂತ ಬರೆದು ಸೈನ್ ಹಾಕಿ ನೋಡಿ, ಕಾಂಟ್ರಾಕ್ಟ್ ಆಕ್ಟಿನ 25ನೇ ಸೆಕ್ಷನ್ ಹಿಡಕೊಂಡು ಎದ್ದು ಕೂರುತ್ತೆ.”

ದೇಹ ಹೋಗಿ ಆಸೆ ಮಾತ್ರ ಉಳಿದದ್ದಕ್ಕೆ ನಮ್ಮೂರಿನಲ್ಲಿ ಏನೆನ್ನುತ್ತಾರೆಂದು ನನಗೆ ಗೊತ್ತಿತ್ತು. ಮಗಳ ಸ್ಲೇಟಿನ ಬಳಿ ಸೀಮೆಸುಣ್ಣ ಇದೆಯೇ ಎಂದು ನೋಡಿದೆ.

ಒಂದು ಭಾನುವಾರ ಅದು ಮನೆಗೇ ಬಂತು. ವಸೂಲಿಯವನೆಂದರೆ ಸಿನಿಮಾದಲ್ಲಿ ತೋರಿಸುವ ಹುರಿ ಮೀಸೆ, ಹಗ್ಗದಂಥ ಚಿನ್ನದ ಸರ ನನ್ನ ಕಣ್ಣಲ್ಲಿತ್ತು. ಬಂದವನು ಗಾಳಿಗೆ ಹಾರುವಂಥ ಹುಡುಗ. ಕೊರಳಲ್ಲಿ ಐಡಿ ಕಾರ್ಡು, ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ ಕಂಪನಿಯ ಕಾಗದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೇಳದಿದ್ದರೂ ಕಾಗದ ತೋರಿಸಿದ. ಅಮ್ಮ ಯಾರೆಂದು ವಿಚಾರಿಸುವ ಮೊದಲೇ ಕಾಫಿಗೆ ಹಾಲಿಟ್ಟಳು.

ನಾನು ಗಂಟಲು ಸರಿಮಾಡಿಕೊಂಡು 1963ರಿಂದ ಶುರುಮಾಡಿದೆ. ಮೂರು ವರ್ಷ, 2013, ವಾಯಿದೆ, ದಾವೆ, ಒಂದನ್ನೂ ಬಿಡಲಿಲ್ಲ. ಹುಡುಗ ಕಾಫಿ ಮುಗಿಯುವ ತನಕ ತಲೆಯಾಡಿಸುತ್ತಾ ಕೇಳಿದ. ಲೋಟ ಕೆಳಗಿಟ್ಟು, “ಗೊತ್ತು ಸಾರ್. ಕೇಸ್ ಹಾಕಕ್ಕಾಗಲ್ಲ. ಕೇಳಬೋದಲ್ವಾ?” ಎಂದ.

ಶಿರಸ್ತೇದಾರರು ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ.

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. “ಏನ್ ಮಗಾ, ಎಷ್ಟು ಕಂತು ಕಟ್ಟಿಲ್ಲ ಇವನು?”

“ಹನ್ನೆರಡರಲ್ಲಿ ಒಂದು ಅಜ್ಜಿ.”

ಅಮ್ಮ ಬೆರಳು ಮಡಿಚಿ ಲೆಕ್ಕ ಹಾಕಿದಳು. “ಏಳು ವರ್ಷ ನೋಡಿದ್ದೀನಿ ಆ ಟಿವೀನ. ಹನ್ನೆರಡರಲ್ಲೊಂದು ಪಾಲು ಅಂದ್ರೆ ಏಳು ತಿಂಗಳು. ಏಳು ತಿಂಗಳು ಪುಕ್ಕಟೆ ಧಾರಾವಾಹಿ ತೋರಿಸಿದ್ಯೇನೋ ನಂಗೆ?” ಅಮ್ಮ ನನ್ನನ್ನು ನೋಡಿದ ಬಗೆಗೆ ಲಿಮಿಟೇಷನ್ ಆಕ್ಟಿನಲ್ಲಿ ಯಾವ ರಕ್ಷಣೆಯೂ ಇಲ್ಲ.

ತೀರ್ಪನ್ನೂ ಅವಳೇ ಕೊಟ್ಟಳು: ಕಂತಿನ 1,450 ಕೊಡಬೇಕು, ಬೌನ್ಸ್ ಆದದ್ದು ನಮ್ಮ ತಪ್ಪು, ಅದರ 450 ಕೊಡಬೇಕು. ದಂಡದ ಮೇಲಿನ ಬಡ್ಡಿ ಎಂಬುದು ದೇವರ ಹುಂಡಿಗೂ ಸಲ್ಲದು. ಹುಡುಗ ಮೂರು ದಿನ ಆಫೀಸಿನೊಂದಿಗೆ ಗುದ್ದಾಡಿ 1,900ಕ್ಕೆ ಒಪ್ಪಿಸಿದ. ಶಿರಸ್ತೇದಾರರು ಮೆಟ್ಟಿಲಲ್ಲೇ ತಡೆದು ಮೂರು ಮಾತು ಹೇಳಿದರು. ಮೊದಲು ಕಂಪನಿಯಿಂದ ಪತ್ರ ತರಿಸಿಕೊಳ್ಳಿ. ದುಡ್ಡನ್ನು ಹುಡುಗನ ಕೈಗಲ್ಲ, ಕಂಪನಿಯ ಖಾತೆಗೆ ಕಟ್ಟಿ. ದಾಖಲೆಯಲ್ಲಿ ‘ಸೆಟಲ್ಡ್’ ಅಂತಲ್ಲ, ‘ಕ್ಲೋಸ್ಡ್’ ಅಂತ ಬರೆಸಿ. ‘ಸೆಟಲ್ಡ್’ ಎಂದರೆ ಗ್ರೇಸ್ ಮಾರ್ಕ್ಸ್ ಪಾಸು, ‘ಕ್ಲೋಸ್ಡ್’ ಎಂದರೆ ನಿಜವಾದ ಪಾಸು. ಮೂರನ್ನೂ ಹಾಗೆಯೇ ಮಾಡಿದೆ. ನೀವೂ ಹಾಗೆಯೇ ಮಾಡಿ.

ಬಾಕಿ ಇಲ್ಲವೆಂಬ ಎನ್‌ಒಸಿ ಬಂದಾಗ ಅಮ್ಮ ಅದಕ್ಕೆ ಕುಂಕುಮ ಹಚ್ಚಿ ಚಾಮುಂಡೇಶ್ವರಿ ಪಟದ ಹಿಂದೆ ಸಿಕ್ಕಿಸಿದಳು. ಅಂದು ರಾತ್ರಿ ಹದಿನಾಲ್ಕು ವರ್ಷದ ನಿದ್ದೆಯನ್ನು ಒಟ್ಟಿಗೆ ಮಾಡಿದೆ.

ಮಾರನೆಯ ಬೆಳಗ್ಗೆ ಎಂಟು ಗಂಟೆ ಒಂದು ನಿಮಿಷಕ್ಕೆ ಫೋನ್ ಬರಲಿಲ್ಲ. ಮಗಳಿಗೆ ಸ್ಕೂಲ್ ಬಸ್ ತಪ್ಪಿತು.