ವಾರಾಂತ್ಯ ವಿಹಾರ

ಜನವರಿಯ ಒಂದು ಶನಿವಾರದಂದು ಪ್ರಾತಃಕಾಲದಲ್ಲಿಯೇ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ಕಂಡು ಬರಬೇಕೆಂದು ಸಂಕಲ್ಪಿಸಿ ಹೊರಟ ರಾಯರೂ ಅವರ ಧರ್ಮಪತ್ನಿಯೂ, ವಾಹನಸಾಗರದಲ್ಲಿ ಸಿಲುಕಿ, ಮಧ್ಯಾಹ್ನದ ಹೊತ್ತಿಗೆ ಗಾಜಿನ ಮನೆಯೆದುರಿನ ಜನಸ್ತೋಮದಲ್ಲಿ ಲೀನರಾದರು.

ರಾಯರು: 1889ರಲ್ಲಿ ಶಂಕುಸ್ಥಾಪನೆಯಾದ ಸೌಧವಿದು; ಕಣ್ತುಂಬ ನೋಡು.

ಮಡದಿ: ಮುಂದಿನವರು ಎತ್ತಿ ಹಿಡಿದಿರುವ ಮೊಬೈಲುಗಳ ಪೈಕಿ ಯಾವುದರೊಳಗೆ ನೋಡಲಿ?

ರಾಯರು: ಹೂರಾಶಿಯ ಮುಂದೆ ನಿಲ್ಲು, ಚಿತ್ರ ತೆಗೆಯುವೆನು.

ಮಡದಿ: ನಾನು ನಿಂತರೆ ಹೂವೇ ಕಾಣದಲ್ಲ?

ರಾಯರು: ಹೂ ಕಾಣದಿದ್ದರೇನಂತೆ, ನಾವು ಬಂದದ್ದು ನಾಲ್ವರಿಗೆ ಕಂಡರಾಯಿತು.

ಮಡದಿ: ಆ ಬಂಡೆಯ ಮೇಲಾದರೂ ಕ್ಷಣಕಾಲ ಕೂರೋಣವೆ?

ರಾಯರು: ಸುಮಾರು 300 ಕೋಟಿ ವರ್ಷಗಳಿಂದ ಅಚಲವಾಗಿರುವ ಆ ಶಿಲೆಯು ನಾಳೆ ಓಡಿಹೋಗುವುದಿಲ್ಲ, ಹೋಟೆಲಿನ ಮುಂದಿನ ಸಾಲಾದರೋ ನಿಮಿಷಕ್ಕೊಂದು ಮಾರು ಬೆಳೆಯುತ್ತಿರುವುದು, ನಡೆ!

ಮಡದಿ: ಬೆಳಗ್ಗೆ ಮನೆಯಲ್ಲಿ ಹುಯ್ದ ದೋಸೆಯನ್ನು ಮುಟ್ಟದೆ ಬಂದಿರಿ.

ರಾಯರು: ಎರಡು ಗಂಟೆ ಕಾದು ಕ್ಷುಧೆಯು ಪರಿಪಕ್ವವಾದ ಮೇಲೆ ದೊರೆಯುವ ದೋಸೆಯ ಮಹಿಮೆ ಮನೆಯ ದೋಸೆಗೆಲ್ಲಿಯದು?

ಮಡದಿ: ಸಾಲು ಸಾಲದೆಂಬಂತೆ, ಬಿಲ್ಲು ಬಂದರೆ ಸಾಲವೂ ಆದೀತು.

ರಾಯರು: ನಾಳೆ ಅವರೆ ಮೇಳಕ್ಕೆ ಹೋಗೋಣ.

ಮಡದಿ: ಅವರೇ ಹೋಗಲಿ, ನಾವೇಕೆ?

ರಾಯರು: ವಾರವೆಲ್ಲ ದುಡಿದ ದಣಿವಾರಬೇಡವೆ?

ಮಡದಿ: ಈ ದಣಿವಾರುವುದೆಂದು?

ರಾಯರು: ಅದಕ್ಕಾಗಿಯೇ ಅಲ್ಲವೆ, ಸೋಮವಾರ ಕಚೇರಿಯಿರುವುದು!