'ಮೆಣಸಿನಕಾಯಿ ಎಲ್ಲಿ ಹೋತು?': ಮಾಗನೂರಿನ ಗಿಣಿಯೊಂದಿಗೆ ಸಂದರ್ಶನ

ತೆಲಂಗಾಣದ ಗಡಿಯ ಮಾಗನೂರಿನ ನಿವೃತ್ತ ಸಾಹೇಬರ ಮನೆಗೆ ಗಿಣಿ ಬಂದದ್ದು ಊರಿಗೆಲ್ಲ ಗೊತ್ತು. ಅದನ್ನು ಅವರು 'ದತ್ತು' ಎಂದು ಸಾರಿದ್ದು, ನೆಂಟರಿಗೆಲ್ಲ ಹೋಳಿಗೆ ಹಾಕಿಸಿದ್ದು, ಆಮೇಲೆ ಹೈದರಾಬಾದಿನಲ್ಲಿರುವ ಮಗಳು ವಿಡಿಯೊ ಕಾಲ್‌ನಲ್ಲಿ ಗಿಣಿಯ ಬಾಯೊಳಗೆ ಇಣುಕಿ ನೋಡಿ 'ಸಮತೋಲನ ಆಹಾರ' ಎಂಬ ಬಾಂಬು ಹಾಕಿದ್ದು, ಇದೂ ಗೊತ್ತು. ಅಂದಿನಿಂದ ಆ ಮನೆಯಲ್ಲಿ ಮಳೆಯ ಮಾತಿಲ್ಲ, ಭತ್ತದ ರೇಟಿನ ಮಾತಿಲ್ಲ. ಫ್ರಿಜ್ಜಿನ ಬಾಗಿಲಿಗೆ ಚಾರ್ಟು ಅಂಟಿದೆ. ದಿನಾ ಬೆಳಿಗ್ಗೆ ಗಿಣಿಯನ್ನು ಗ್ರಾಂ ಲೆಕ್ಕದಲ್ಲಿ ತೂಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಹೋದವರಿಗೆ ಚಹಾ ಸಿಗುವ ಮೊದಲು ಗಿಣಿ ಎಷ್ಟು ಕ್ಯಾರೆಟ್ ತಿಂದಿತು ಎಂಬ ವರದಿ ಸಿಗುತ್ತದೆ. ಸಹಿಸಿ ಸಾಕಾಗಿ, ಸಾಹೇಬರು ವಾಕಿಂಗಿಗೆ ಹೋದ ಹೊತ್ತು ನೋಡಿ ಪಂಜರದ ಮುಂದೆ ಕುರ್ಚಿ ಎಳೆದುಕೊಂಡೆ.

ನಾನು: ಮೊದಲು ಮೂಲಭೂತ ಪ್ರಶ್ನೆ. ನಿನ್ನ ಮಾತೃಭಾಷೆ ಯಾವುದು?

ಗಿಣಿ: ಮೆಣಸಿನಕಾಯಿ.

ನಾನು: ಭಾಷೆ ಕೇಳಿದೆ.

ಗಿಣಿ: ನನಗ ಬೇಕಾದ್ದು ಹೇಳಿದೆ. ಹೊಸದಾಗಿ ಬಂದಾಗ ಮಿರ್ಚಿ ಭಜ್ಜಿ ಕೊಟ್ರು, ಚಾದಾಗ ಅದ್ದಿ ಬಿಸ್ಕೀಟು ಕೊಟ್ರು, ಸೂರ್ಯಕಾಂತಿ ಬೀಜ ಬೊಗಸಿಗಟ್ಟಲೆ ಸುರುವಿದ್ರು. ಈಗ ಆ ಬಟ್ಟಲ ನೋಡ್ರಿ. ಕೆಂಪು, ಹಳದಿ, ಹಸಿರು ಗುಳಿಗಿ. ಗಿಣಿ ಸಲುವಾಗಿ ಮಾಡಿದ್ದಂತ! ಯಾವ ಗಿಣಿನ್ನ ಕೇಳಿ ಮಾಡಿದ್ರು?

ನಾನು: ಅದಕ್ಕೆ ಪೆಲೆಟ್ ಅನ್ನುತ್ತಾರೆ. ನ್ಯಾಯವಾಗಿ ಹೇಳಬೇಕೆಂದರೆ ಸಾಹೇಬರ ಮಗಳದ್ದು ತಪ್ಪಿಲ್ಲ. ಸೂರ್ಯಕಾಂತಿ ಬೀಜದ ತಿರುಳಿನಲ್ಲಿ ಸುಮಾರು ಅರ್ಧ ಪಾಲು ಎಣ್ಣೆಯೇ. ಎ ಜೀವಸತ್ವ ಇಲ್ಲವೆಂದರೂ ನಡೆಯುತ್ತದೆ, ಸುಣ್ಣದ ಅಂಶ ಬಹಳ ಕಡಿಮೆ. ಬರೀ ಅದನ್ನೇ ತಿಂದ ಗಿಣಿಗೆ ಬಾಯಲ್ಲಿ ಬಿಳಿ ಚುಕ್ಕೆ ಏಳುತ್ತದೆ, ಮೂಗಿನ ತೂತು ಕಟ್ಟುತ್ತದೆ, ಯಕೃತ್ತಿಗೆ ಕೊಬ್ಬು ಕೂರುತ್ತದೆ. ಚಹಾ, ಚಾಕೊಲೇಟು, ಉಪ್ಪು ಹಚ್ಚಿದ ತಿಂಡಿ, ಬೆಣ್ಣೆಹಣ್ಣು ಇವಂತೂ ವಿಷ.

ಗಿಣಿ: ನಾ ಇಲ್ಲ ಅಂದ್ನೇನು? ಎ ಜೀವಸತ್ವ ಕಡಿಮಿ ಅಂದ್ರು, ಹೂಂ ಅಂದೆ. ಗಜ್ಜರಿ ಬರದಾರ, ಕುಂಬಳ ಬರದಾರ, ನುಗ್ಗಿ ಸೊಪ್ಪು ಬರದಾರ. ಅದರ ಸಾಲಿನಾಗ ಕೆಂಪು ಮೆಣಸಿನಕಾಯಿ ಎಲ್ಲಿ ಹೋತು? ಗಜ್ಜರಿದಾಗ ಇರೋದು ಅದರಾಗೂ ಅದಲ್ಲ! ಸಾಹೇಬ್ರು ಏನಂತಾರ ಗೊತ್ತೇನು? 'ಉಷ್ಣ ಆಗ್ತದ, ಬಾಯಿ ಸುಡ್ತದ, ಪಾಪ.' ನನ್ನ ಬಾಯಿ ಸುಡಂಗಿಲ್ರೀ! ಮನುಷ್ಯಾಗ ಸುಡ್ತದ, ಇಲಿಗಿ ಸುಡ್ತದ, ನಾಯಿಗಿ ಸುಡ್ತದ. ಖಾರ ಅನ್ನೋ ಕೀಲಿ ಹಕ್ಕಿಗೋಳ ನರದ ಬೀಗಕ್ಕ ಕೂಡಂಗೇ ಇಲ್ಲ. ಮೆಣಸಿನಗಿಡ ಖಾರ ಇಟ್ಟಿದ್ದೇ ಹಲ್ಲಿದ್ದ ಪ್ರಾಣಿ ದೂರ ಇರ್ಲಿ, ಹಕ್ಕಿ ತಿಂದು ಬೀಜ ದೂರ ಒಯ್ದು ಹಾಕ್ಲಿ ಅಂತ.

ನಾನು: ಬೇರೆ ಹಕ್ಕಿಗಳು ಹಾಕುತ್ತವೆ. ನೀನು ಬೀಜವನ್ನೂ ಒಡೆದು ನುಂಗುವವನು. ಅದೂ ಅಲ್ಲದೆ ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ನಿನ್ನ ಮುತ್ತಜ್ಜನ ಮುತ್ತಜ್ಜ ಅದನ್ನು ಕಂಡಿರಲಿಲ್ಲ.

ಗಿಣಿ: ಕಂಡಿದ್ರ ಬಿಡ್ತಿದ್ದಿಲ್ಲ.

ನಾನು: ಪೋರ್ಚುಗೀಸರ ಮಾತು ಬಂದದ್ದು ಒಳ್ಳೆಯದಾಯಿತು, ಭಾಷೆಗೆ ಬರೋಣ. 1956ರಲ್ಲಿ ರಾಜ್ಯಗಳನ್ನು ಹಂಚುವಾಗ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಿಂದ ಕಳಚಿ ಆಂಧ್ರಪ್ರದೇಶಕ್ಕೆ ಸೇರಿದವು. ನಮ್ಮ ಮಕ್ತಲ್ ಸೀಮೆಯಂತೂ ಮೊದಲೇ ಮಹಬೂಬನಗರದಲ್ಲಿತ್ತು. ಹೊಳೆ ದಾಟಿದರೆ ರಾಯಚೂರು, ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು. ಕೃಷ್ಣಾ, ಮಾಗನೂರು ಕಡೆ ಕನ್ನಡ ಮಾಧ್ಯಮದ ಶಾಲೆಗಳು ಹೇಗೋ ಉಸಿರು ಹಿಡಿದುಕೊಂಡಿವೆ. ತೆಲಂಗಾಣದ 2018ರ ಕಾಯ್ದೆ ಬಂದ ಮೇಲೆ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. ಈ ಕುರಿತು ಗಿಣಿ ಸಮುದಾಯದ ನಿಲುವೇನು?

ಗಿಣಿ: ಇವತ್ತು ಹಳದಿ ಗುಳಿಗಿ ಜಾಸ್ತಿ ಹಾಕ್ಯಾರ.

ನಾನು: ನೀನು ಸಾಹೇಬರ ಜೊತೆ ತೆಲುಗಿನಲ್ಲಿ ಮಾತಾಡುತ್ತೀಯಂತೆ. ಅಮ್ಮಾವರ ಜೊತೆ ಕನ್ನಡ, ಹಾಲು ತರುವ ಮುದುಕನ ಜೊತೆ ಉರ್ದು.

ಗಿಣಿ: ಯಾರು ಯಾವ ಭಾಷಾದಾಗ ಶೇಂಗಾ ಕೊಡ್ತಾರೋ ಆ ಭಾಷಾ. ಗಡಿನಾಡಿನಾಗ ಹುಟ್ಟಿದ್ದೀರಿ, ಇಷ್ಟೂ ಗೊತ್ತಿಲ್ಲೇನು?

ನಾನು: ಸರಿ, ಗಂಭೀರ ವಿಷಯ. ನಿನ್ನ ಎಡರೆಕ್ಕೆಯ ಗರಿ ಕತ್ತರಿಸಿದ್ದಾರೆ.

ಗಿಣಿ: ಹೌದು. ಹಾಂ, ಶೇಂಗಾ ಅಂದೆ ನೋಡ್ರಿ, ಅದನ್ನೂ ಬಂದ್ ಮಾಡ್ಯಾರ.

ನಾನು: ಮರದ ಪೊಟರೆಯಿಂದ ಮರಿಯಿದ್ದಾಗಲೇ ತೆಗೆದು ಮಾರಿದವರು ಯಾರು?

ಗಿಣಿ: ಬೂಸ್ಟು ಬರೋ ಶೇಂಗಾ ಅಂತ ಹೇಳಿ, ಒಳ್ಳೆ ಶೇಂಗಾನೂ!

ನಾನು: ಕೇಳಿಸಿಕೊ. ಕೊರಳಿಗೆ ಗುಲಾಬಿ ಪಟ್ಟಿಯಿರುವ ನಿಮ್ಮ ಜಾತಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿದೆ. 2022ರ ತಿದ್ದುಪಡಿಯ ನಂತರ ಎರಡನೇ ಅನುಸೂಚಿಗೆ ಏರಿದ್ದೀರಿ. ನಿಮ್ಮನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ದತ್ತು, ಪ್ರೀತಿ, ಹೋಳಿಗೆ ಯಾವುದೂ ವಿನಾಯಿತಿಯಲ್ಲ. ನಿನ್ನನ್ನು ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿ. ರೆಕ್ಕೆ ಕತ್ತರಿಸಿದ ಗಿಣಿಯನ್ನು ಮಾಳಿಗೆಯಿಂದ ಹಾರಿಸಿ ಪುಣ್ಯ ಕಟ್ಟಿಕೊಂಡರೆ ಅದು ಬೆಕ್ಕಿಗೆ ದಾಸೋಹ.

ಗಿಣಿ: ಅರಣ್ಯ ಇಲಾಖೆದಾಗ ಮೆಣಸಿನಕಾಯಿ ಕೊಡ್ತಾರೇನು?

(ಇಲ್ಲಿ ಸ್ವಲ್ಪ ಹೊತ್ತು ಗಿಣಿ ಒಂದು ಕ್ಯಾರೆಟ್ ತುಂಡನ್ನು ಎಡಗಾಲಿನಲ್ಲಿ ಹಿಡಿದು, ಕೊಕ್ಕಿನಿಂದ ಸುತ್ತಲೂ ಕೆತ್ತಿ, ನಾಲಿಗೆಯ ತುದಿಯಿಂದ ತಿರುಗಿಸಿ ನೋಡಿ, ಒಂದು ಚೂರೂ ನುಂಗದೆ ನನ್ನ ಅಂಗಿಯ ಮೇಲೆ ಎಸೆಯಿತು. ಪಂಜರದ ಕೆಳಗೆ ಹಾಸಿದ ತೆಲುಗು ಪೇಪರಿನ ಮೇಲೆ ಕಿತ್ತಳೆ ಬಣ್ಣದ ಹೊಟ್ಟು. ಚಾರ್ಟಿನಲ್ಲಿ ಇದನ್ನು 'ತಿಂದಿತು' ಎಂದು ಬರೆಯುತ್ತಾರೆ.)

ನಾನು: ನಿನಗೆ ಇಷ್ಟು ಸೊಕ್ಕು ಬರಲು ಆಂಧ್ರದ ರಾಜ್ಯಪಕ್ಷಿ ಪಟ್ಟವೇ ಕಾರಣವಿರಬೇಕು.

ಗಿಣಿ: ಅದೊಂದು ಬ್ಯಾರೆ ಅನ್ಯಾಯ ಬಿಡ್ರಿ. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ. ತೆಲಂಗಾಣದ್ದು ಪಾಲಪಿಟ್ಟ, ಅಂದ್ರ ಅದೇ ನೀಲಕಂಠ. ಹೊಳಿ ಈ ದಂಡಿಗೂ ಅವನೇ, ಆ ದಂಡಿಗೂ ಅವನೇ. ಆಂಧ್ರದವರು 2018ರಾಗ ನನ್ನ ರಾಜ್ಯಪಕ್ಷಿ ಮಾಡಿದ್ರು. ನಾವು ಆಂಧ್ರ ಬಿಟ್ಟಿದ್ದು ಎಂದು? 2014ರಾಗ! ನಾಲ್ಕು ವರ್ಷ ತಡದಿದ್ರ ನಾ ಪಂಜರದಾಗ ಕುಂತಲ್ಲೇ ರಾಜ್ಯಪಕ್ಷಿ ಆಗ್ತಿದ್ದೆ. ಅಲ್ಲೇ ಕುರುವಪುರದ ದತ್ತಾತ್ರೇಯನ್ನ ಕೇಳ್ರಿ. ಅವಧೂತನ ಇಪ್ಪತ್ನಾಲ್ಕು ಗುರುಗಳಾಗ ಪಾರಿವಾಳ ಅದ, ಹೆಬ್ಬಾವು ಅದ, ಜೇನುನೊಣ ಸುದ್ದಾ ಅದ. ಗಿಣಿ ಇಲ್ಲ.

ನಾನು: ಬಾಣನ 'ಕಾದಂಬರಿ'ಯಲ್ಲಿ ಇದ್ದೀಯಲ್ಲ. ನಾಗವರ್ಮ ಅದನ್ನು ಸಾವಿರ ವರ್ಷದ ಹಿಂದೆಯೇ ಕನ್ನಡಕ್ಕೆ ತಂದ, ತೆಲುಗಿಗಿಂತ ಎಷ್ಟು ಮೊದಲು ಎಂಬುದನ್ನು ಗಮನಿಸಬೇಕು...

ಗಿಣಿ: ವೈಶಂಪಾಯನ! ಶೂದ್ರಕ ರಾಜ ಅವನ್ನ ಮೊದಲು ಏನು ಕೇಳಿದ? ಒಳಗ ಊಟ ಸರಿಯಾತೇನು ಅಂತ. ಅವ ಹೇಳಿದ: ನೇರಳಿ ಹಣ್ಣಿನ ರಸ ಕುಡದೆ, ದಾಳಿಂಬ್ರಿ ಕಾಳು ತಿಂದೆ, ನೆಲ್ಲಿಕಾಯಿ ಕೊಟ್ರು. ನೋಡ್ರಿ, ಅದು ಅರಮನಿ. ಗುಳಿಗಿ ಇಲ್ಲ.

ನಾನು: ಮೆಣಸಿನಕಾಯಿಯೂ ಇಲ್ಲ.

ಗಿಣಿ: ಹಡಗು ಬಂದಿದ್ದಿಲ್ಲ ಅಂತ ನೀವೇ ಹೇಳಿದ್ರಿ. ಅಲ್ಲ, ನಮ್ಮ ಅಪ್ಪ ಅವ್ವ ಜ್ವಾಳದ ತೆನಿ ಮ್ಯಾಲ ಕುಂತು ತಿಂತಿದ್ರಂತ. ಮಂಚಿಕಿ ಮ್ಯಾಲಿಂದ ಹುಡುಗ್ರು ಕವಣಿ ಬೀಸೋರು. ಈಗ ನೀರು ಬಂತು, ಎಲ್ಲಿ ನೋಡಿದ್ರೂ ಭತ್ತ, ಹತ್ತಿ. ಹೊಲದಾಗ ತಿಂದ್ರ ಕಲ್ಲು, ಪಂಜರದಾಗ ತಿಂದ್ರ ಚಾರ್ಟು. ಗಿಣಿ ಏನು ತಿನ್ನಬೇಕು ಅನ್ನೋದನ್ನ ಎಂದೂ ಗಿಣಿ ಹೇಳಿಲ್ಲ.

ನಾನು: ಪೆಲೆಟ್ಟಿಗೆ ಹೊಂದಿಸಲು ಒಂದು ಕ್ರಮವಿದೆ. ಒಂದೇ ಸಲ ಬೀಜ ನಿಲ್ಲಿಸಬಾರದು, ಉಪವಾಸ ಕೆಡವಬಾರದು. ಬೆಳಿಗ್ಗೆ ಹಸಿದಾಗ ಹೊಸದನ್ನು ಇಡಬೇಕು, ಬೀಜ ಸಂಜೆಗೆ. ವಾರಗಟ್ಟಲೆ ತಾಳ್ಮೆ ಬೇಕು. ತೂಕ ಇಳಿಯಿತೋ ನೋಡುತ್ತಿರಬೇಕು. ಎಲ್ಲಕ್ಕಿಂತ ಮುಖ್ಯ, ಗಿಣಿ ಹಿಂಡಿನ ಪ್ರಾಣಿ. ಮನೆಯವರು ಅದರ ಮುಂದೆ ಕೂತು ತಾವು ಮೊದಲು ತಿಂದು ತೋರಿಸಿದರೆ ಅದೂ ಬಾಯಿ ಹಾಕುತ್ತದೆ.

ಗಿಣಿ: ಅದೂ ನಡದದ. ದಿನಾ ಮುಂಜಾನಿ ಸಾಹೇಬ್ರು ಎದುರಿಗೆ ಕುಂದರ್ತಾರ. ಒಂದು ಹಳದಿ ಗುಳಿಗಿ ಬಾಯಾಗ ಇಟ್ಕೊಂಡು 'ಆಹಾ, ಬಲು ರುಚಿ' ಅಂತಾರ. ಆ ಕಡೆ ತಿರುಗಿ ಉಗುಳ್ತಾರ. ನಾ ನೋಡಿಲ್ಲ ಅಂತ ತಿಳ್ಕೊಂಡಾರ.

ನಾನು: ಮೊದಲು ರುಚಿ ನೋಡುವುದು ಅಂದಕೂಡಲೇ ಶಾಲೆ ನೆನಪಾಯಿತು. ಶಾಲೆ ಅಂದರೆ ಮತ್ತೆ ಕನ್ನಡ ಮಾಧ್ಯಮದ ಪ್ರಶ್ನೆ. ಶಿಕ್ಷಕರ ಹುದ್ದೆಗಳು...

ಗಿಣಿ: ಸಾಲಿ ಅಂದ್ರ ನಿಮಗ ಬರೀ ಹಲಗಿ ಕಾಣ್ತದ. ಆ ಹುಡುಗ್ರು ಮಧ್ಯಾಹ್ನ ಏನು ತಿಂದ್ರು ಅಂತ ಎಂದರೆ ಬರದೀರೇನು? ಗಂಟಲು ಕಿತ್ತಂಗ ವಾಂತಿ ಮಾಡ್ಕೋತ, ಹೊಟ್ಟಿ ಹಿಡ್ಕೊಂಡು ಹೋದ್ರಲ್ಲ, ಆ ದಿನ ನಿಮ್ಮ ಕನ್ನಡ ಎಲ್ಲಿತ್ತು?

ಗಿಣಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಹಾಗಾಗಿ ಇಷ್ಟನ್ನು ಓದುಗರಿಗೇ ಹೇಳುತ್ತೇನೆ. 2024ರ ನವೆಂಬರ್ 20ರಂದು ಮಾಗನೂರಿನ ಜಿಲ್ಲಾ ಪರಿಷತ್ ಪ್ರೌಢಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ಹತ್ತಾರು ಮಕ್ಕಳು ಅಸ್ವಸ್ಥರಾದರು, ಮಕ್ತಲ್ ಆಸ್ಪತ್ರೆಯವರೆಗೆ ಹೋದರು. ಅಮಾನತು ಆಯಿತು, ವಿಚಾರಣೆಗೆ ಆದೇಶವಾಯಿತು, ದೊಡ್ಡವರ ಕಾರುಗಳು ಬಂದವು. ಎಲ್ಲರ ಕಣ್ಣು ಆ ಒಂದು ಶಾಲೆಯ ಮೇಲಿದ್ದಾಗಲೇ, ವಾರ ತುಂಬುವುದರೊಳಗೆ, ಅದೇ ಶಾಲೆಯಲ್ಲಿ ಮತ್ತೆ ಮಕ್ಕಳು ಮಲಗಿದರು. ಮಕ್ಕಳು ಹೊರಗಿನ ಅಂಗಡಿಯ ತಿಂಡಿ ತಿಂದಿದ್ದರು ಎಂಬ ವಿವರಣೆ ಅಧಿಕಾರಿಗಳ ಕಡೆಯಿಂದ ಬಂತು. ಹೈಕೋರ್ಟು ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಒಂದೇ ಊರಿನ ಒಂದೇ ಅಡುಗೆಮನೆಯನ್ನು ಒಂದು ವಾರ ಸರಿಯಾಗಿ ಕಾಯಲು ಹೈಕೋರ್ಟು ಬೇಕೆ?

ಕಾಗದದ ಮೇಲೆ ಏನಿಲ್ಲ? ಆರರಿಂದ ಎಂಟನೇ ತರಗತಿಯ ಮಗುವಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ಒಟ್ಟು 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು. ಗಿಣಿಯ ಚಾರ್ಟಿಗಿಂತ ಚೊಕ್ಕಟ. ಬಡಿಸುವ ಮೊದಲು ಒಬ್ಬ ಶಿಕ್ಷಕರೂ ಸೇರಿ ಇಬ್ಬರು ಮೂವರು ದೊಡ್ಡವರು ಉಂಡು ನೋಡಬೇಕು ಎಂಬ ನಿಯಮವೂ ಇದೆ. ಆ ನವೆಂಬರಿನಲ್ಲಿ ಅಕ್ಕಿ ಬಿಟ್ಟು ಬೇಳೆ, ತರಕಾರಿ, ಎಣ್ಣೆ, ಉಪ್ಪು, ಉರುವಲು ಎಲ್ಲಕ್ಕೂ ಸೇರಿ ಕೇಂದ್ರದ ಲೆಕ್ಕ ಮಗುವೊಂದಕ್ಕೆ ದಿನಕ್ಕೆ 8 ರೂಪಾಯಿ 17 ಪೈಸೆ. ಡಿಸೆಂಬರಿನಿಂದ ಅದು 9.29 ಆಯಿತು, 2025ರ ಮೇ ತಿಂಗಳಿಂದ 10.17. ಈ ದುಡ್ಡೂ ಕೈಗೆ ಬರುವುದು ತಿಂಗಳುಗಟ್ಟಲೆ ಕಾದ ಮೇಲೆ. ಅಲ್ಲಿಯವರೆಗೆ ಅಡುಗೆಯ ಹೆಂಗಸರು ಕಿರಾಣಿ ಅಂಗಡಿಯಲ್ಲಿ ಉದ್ದರಿ ಬರೆಸಿ ಊರಿನ ಮಕ್ಕಳಿಗೆ ಉಣ್ಣಿಸಬೇಕು. ಉದ್ದರಿಯಲ್ಲಿ ಬರುವ ಬೇಳೆ ಎಂಥದ್ದು ಎಂಬುದನ್ನು ಯಾವ ಅಂಗಡಿಯವನಾದರೂ ಹೇಳುತ್ತಾನೆ. ಅಡುಗೆ ಕೆಟ್ಟಾಗ ಮೊದಲು ಬೈಸಿಕೊಳ್ಳುವವರೂ ಅವರೇ. ಆ ಮಕ್ಕಳು ಕನ್ನಡ ಓದುವವರೋ ತೆಲುಗು ಓದುವವರೋ ನನಗೆ ಗೊತ್ತಿಲ್ಲ. ಹಸಿವಿಗೆ ನಂಬಿ ತಟ್ಟೆ ಒಡ್ಡಿದ ಮಕ್ಕಳು. ಕೆಟ್ಟ ಕ್ಯಾರೆಟ್ಟನ್ನು ಎಸೆಯುವ ಹಕ್ಕು ಗಿಣಿಗಾದರೂ ಇದೆ.

ಗಿಣಿ: ಮುಗೀತೇನು? ಕುಂದರ್ರಿ, ಒಂದು ಕೆಲಸ ಅದ. ಆ ಕಪಾಟಿನ ಮ್ಯಾಲ ಗುಳಿಗಿ ಪಾಕೀಟು ಅದ, ತೆಗೀರಿ.

ನಾನು: ತೆಗೆದೆ. ಕಿಲೋಗೆ ಸಾವಿರದ ಮೇಲಿದೆಯಲ್ಲ ಇದು!

ಗಿಣಿ: ರೊಕ್ಕ ಬಿಡ್ರಿ. ತಳದಾಗ ಸಣ್ಣ ಅಕ್ಷರದಾಗ ಏನೋ ಬರದಾರ. ಎಂದಿನತನಾ ತಿನ್ನಬೇಕು ಅಂತ. ಸಾಹೇಬ್ರಿಗೆ ಚಷ್ಮಾ ಇಲ್ದ ಕಾಣಂಗಿಲ್ಲ, ಚಷ್ಮಾ ಹಾಕ್ಕೊಂಡ್ರ ಪೇಪರ್ ಓದ್ತಾರ. ನೀವು ಓದ್ರಿ.

ನಾನು: ನೋಡಿದೆ. ಎಲ್ಲಿಯೂ ಒಂದಕ್ಷರ ಕನ್ನಡವಿಲ್ಲ. ಗಡಿನಾಡಿನಲ್ಲಿ ಮಾರುವ ಪೊಟ್ಟಣದ ಮೇಲೆ ಕನಿಷ್ಠಪಕ್ಷ...

ಗಿಣಿ: ಅಯ್ಯೋ ನಿಮ್ಮ ಕನ್ನಡಕ್ಕ! ತಾರೀಖು ಅಂಕಿದಾಗ ಅದ, ಅಂಕಿ ಓದ್ರೀ, ಅಂಕಿ!